ಬರಬ್ಬನಿಗೆ ದೊರೆತ ಬಿಡುಗಡೆ

ಜೀವಾವಧಿ ಶಿಕ್ಷೆ ಎಂದರೆ ಎಷ್ಟು ವರ್ಷ ಎಂದು ಆಳಂದ ತಾಲೂಕಿನ ಜಿಡಗಾದಲ್ಲಿ ಕೇಳಿದರೂ, ಅಫಜಲಪುರದ ಸಂತೆಯಲ್ಲಿ ಕೇಳಿದರೂ, ಜೇವರ್ಗಿಯ ಬಸ್ ನಿಲ್ದಾಣದಲ್ಲಿ ಕೇಳಿದರೂ ದೊರೆಯುವ ಉತ್ತರ ಒಂದೇ: ಹದಿನಾಲ್ಕು ವರ್ಷ. ಕೊಲೆಯಾದವನ ಮನೆಯವರು ಈ ಮಾತನ್ನು ಕಹಿಯಿಂದ ಆಡುತ್ತಾರೆ. ಕೊಂದವನ ಮನೆಯವರು ಅದೇ ಮಾತನ್ನು ಬೆರಳು ಮಡಚಿ ಎಣಿಸುತ್ತಾ ಆಡುತ್ತಾರೆ. ಆದರೆ ಕಾನೂನು ಎಲ್ಲಿಯೂ ಹಾಗೆ ಹೇಳಿಲ್ಲ. ಜೀವಾವಧಿ ಎಂದರೆ ಅಪರಾಧಿಯ ಉಳಿದ ಆಯುಷ್ಯವೆಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 1961ರಷ್ಟು ಹಿಂದೆಯೇ ಸ್ಪಷ್ಟಪಡಿಸಿತು. ಹದಿನಾಲ್ಕು ವರ್ಷದ ಲೆಕ್ಕ ಬಂದದ್ದು 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿಸಿದ 433ಎ ವಿಧಿಯಿಂದ. ಮರಣದಂಡನೆಗೂ ಅರ್ಹವಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆ ಪಡೆದವನನ್ನು ಹದಿನಾಲ್ಕು ವರ್ಷ ಕಳೆಯುವ ಮುನ್ನ ಬಿಡಕೂಡದು ಎಂಬುದು ಅದರ ಆಶಯ. ಅದು ಕನಿಷ್ಠ ಮಿತಿ. ಜನರ ಬಾಯಲ್ಲಿ ಅದು ಗರಿಷ್ಠ ಮಿತಿಯಾಯಿತು. ಸೆರೆಮನೆಯ ಕಡತಗಳಲ್ಲಿಯೂ ಬಹುಮಟ್ಟಿಗೆ ಹಾಗೆಯೇ ಆಯಿತೆಂಬುದು ಮುಂದಿನ ಕಥೆಯೆಲ್ಲಕ್ಕೂ ಮೂಲ.

1961ರ ಆ ತೀರ್ಪು ಬಂದದ್ದು ಗೋಪಾಲ ಗೋಡ್ಸೆಯ ಮೊಕದ್ದಮೆಯಲ್ಲಿ. ಮಹಾತ್ಮರ ಕೊಲೆಯ ಒಳಸಂಚಿನಲ್ಲಿ ಜೀವಾವಧಿ ಶಿಕ್ಷೆ ಪಡೆದಿದ್ದ ಆತ, ಮಾಫಿಯ ದಿನಗಳನ್ನು ಕೂಡಿಸಿದರೆ ತನ್ನ ಶಿಕ್ಷೆ ಮುಗಿದಿದೆ ಎಂದು ವಾದಿಸಿ ಸೋತ. ಸೋತವನು 1964ರಲ್ಲಿ ಹೊರಬಂದ! ನ್ಯಾಯಾಲಯ ತೆರೆಯದ ಬಾಗಿಲನ್ನು ಸರ್ಕಾರ ತೆರೆದಿತ್ತು. ಪುಣೆಯಲ್ಲಿ ಅವನಿಗಾಗಿ ಸಂತೋಷಕೂಟ ನಡೆಯಿತು. ಅಲ್ಲಿ ಆಡಿದ ಮಾತುಗಳಿಂದ ಎದ್ದ ಗದ್ದಲವು ಕಡೆಗೆ ಕಪೂರ್ ಆಯೋಗದ ನೇಮಕಕ್ಕೆ ಕಾರಣವಾಯಿತು. ಶಿಕ್ಷೆಯ ಅವಧಿಯನ್ನು ತೀರ್ಮಾನಿಸುವವರು ಯಾರು, ಬಿಡುಗಡೆಯ ಹಾರ ಹಾಕುವವರು ಯಾರು ಎಂಬ ಎರಡು ಪ್ರಶ್ನೆಗಳೂ ಅಂದಿನಿಂದಲೇ ನಮ್ಮ ಬೆನ್ನಿಗಿವೆ.

ಈ ವಿಷಯದಲ್ಲಿ ದೇಶದ ಕಾನೂನಿನ ದಿಕ್ಕನ್ನೇ ಬದಲಿಸಿದ ತೀರ್ಪು ನಮ್ಮ ಕರ್ನಾಟಕದ ಒಂದು ಮೊಕದ್ದಮೆಯಿಂದ ಹುಟ್ಟಿತು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕೆರೆ 1991ರಲ್ಲಿ ಬೆಂಗಳೂರಿನಿಂದ ಕಾಣೆಯಾದರು. ಅವರ ಎರಡನೆಯ ಪತಿ, ಸ್ವಾಮಿ ಶ್ರದ್ಧಾನಂದ ಎಂದು ಕರೆದುಕೊಳ್ಳುತ್ತಿದ್ದ ಮುರಳಿ ಮನೋಹರ ಮಿಶ್ರಾ, ಆಕೆ ಅಲ್ಲಿದ್ದಾರೆ, ಇಲ್ಲಿದ್ದಾರೆ ಎಂದು ಮೂರು ವರ್ಷ ಸುಳ್ಳು ಹೇಳುತ್ತಾ ಅದೇ ಮನೆಯಲ್ಲಿ ಬಾಳಿದ. ತಾಯಿಯನ್ನು ಹುಡುಕುವ ಮಗಳ ಹಟ ಇಲ್ಲದಿದ್ದರೆ ಸತ್ಯ ಹೊರಬರುತ್ತಿತ್ತೋ ಇಲ್ಲವೋ. 1994ರಲ್ಲಿ ಮನೆಯ ಹಿತ್ತಲಿನ ನೆಲದಡಿಯಿಂದ ಮರದ ಪೆಟ್ಟಿಗೆಯೊಂದನ್ನು ಮೇಲೆತ್ತಲಾಯಿತು. ಉಳಿದ ವಿವರ ಈ ಪುಟಗಳಿಗೆ ಬೇಡ. 2005ರಲ್ಲಿ ವಿಚಾರಣಾ ನ್ಯಾಯಾಲಯ ಮರಣದಂಡನೆ ವಿಧಿಸಿತು, ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಗಲ್ಲು ಎಂದರು, ಇನ್ನೊಬ್ಬರು ಜೀವಾವಧಿ ಎಂದರು. ಪ್ರಕರಣ ಮೂವರ ಪೀಠಕ್ಕೆ ಹೋಯಿತು.

2008ರ ಜುಲೈ 22ರಂದು ಆ ಪೀಠದ ಪರವಾಗಿ ನ್ಯಾಯಮೂರ್ತಿ ಆಫ್ತಾಬ್ ಆಲಂ ಬರೆದ ತೀರ್ಪನ್ನು ಒಂದು ಚಿಂತನಾ ಗ್ರಂಥವೆಂಬಂತೆ ಓದಬಹುದು, ಓದಬೇಕು. ಅದರಲ್ಲಿ ಒಂದು ಪ್ರಾಮಾಣಿಕ ಸಂಕಟವಿದೆ. ಕೊಲ್ಲಲು ಮನಸ್ಸು ಒಪ್ಪುತ್ತಿಲ್ಲ, ಆದರೆ ಜೀವಾವಧಿ ಎಂದರೆ ಈ ಮನುಷ್ಯ ಹದಿನಾಲ್ಕು ವರ್ಷಕ್ಕೆ ಮನೆಗೆ ಹೋಗುತ್ತಾನೆ. ಈ ಎರಡರ ನಡುವಿನ ಕಂದರ ಬಹಳ ಅಗಲವಾಗಿದೆ, ಅದನ್ನು ಹಾಗೆಯೇ ಬಿಟ್ಟರೆ ನ್ಯಾಯಾಧೀಶರು ಬೇರೆ ದಾರಿ ಕಾಣದೆ ನೇಣಿನ ಕಡೆಗೆ ವಾಲಬೇಕಾದೀತು ಎಂಬುದು ಅವರ ವಾದದ ತಿರುಳು. ಕರ್ನಾಟಕದ ಸೆರೆಮನೆ ನಿಯಮಗಳನ್ನೂ ಮಾಫಿಯ ಲೆಕ್ಕ ನಡೆಯುವ ಬಗೆಯನ್ನೂ ಅವರು ತಾಳ್ಮೆಯಿಂದ ಪರಿಶೀಲಿಸಿದ್ದಾರೆ. ಕಡೆಗೆ ಒಂದು ಮೂರನೆಯ ದಾರಿ ತೋಡಿದರು: ಜೀವಾವಧಿ, ಆದರೆ ಉಸಿರಿರುವವರೆಗೆ ಬಿಡುಗಡೆಯಿಲ್ಲ, ಸರ್ಕಾರದ ಮಾಫಿಯೂ ಅನ್ವಯಿಸದು.

ಒಂದು ಕೊರಳನ್ನು ಕುಣಿಕೆಯಿಂದ ಬಿಡಿಸಿದ ತೀರ್ಪನ್ನು ಟೀಕಿಸಲು ನಾಲಿಗೆ ಹಿಂಜರಿಯುತ್ತದೆ. ಆದರೂ ಈ ತೀರ್ಪಿನ ವಾದಸರಣಿಯಲ್ಲಿ ಒಂದು ಬಿರುಕಿದೆ. ಮಾಫಿಯನ್ನು ಯಾಂತ್ರಿಕವಾಗಿ ಹಂಚುತ್ತಿದ್ದವರು ಯಾರು? ಸರ್ಕಾರದವರು. ಕಾರಣ ಬರೆಯದೆ, ಒಬ್ಬೊಬ್ಬನನ್ನೂ ಬೇರೆಬೇರೆಯಾಗಿ ನೋಡದೆ, ಹಬ್ಬಕ್ಕೆ ಪಟ್ಟಿ ತಯಾರಿಸಿದವರು ಅಧಿಕಾರದಲ್ಲಿದ್ದವರು. ಹಾಗಾದರೆ ತಿದ್ದಬೇಕಾದದ್ದು ಆ ಪದ್ಧತಿಯನ್ನು. ನ್ಯಾಯಾಲಯವು ಪದ್ಧತಿಯನ್ನು ತಿದ್ದುವ ಬದಲು ಕೈದಿಯನ್ನು ಅದರ ಹೊರಗಿಟ್ಟಿತು. ಸರ್ಕಾರದ ಮೇಲಿನ ಅಪನಂಬಿಕೆಗೆ ದಂಡ ತೆತ್ತವನು ಕೈದಿ. ಅದಕ್ಕಿಂತ ಆಳವಾದ ತೊಡಕು ಇನ್ನೊಂದಿದೆ. ತೀರ್ಪಿನ ದಿನ ನ್ಯಾಯಾಧೀಶರ ಮುಂದೆ ನಿಂತ ಮನುಷ್ಯನನ್ನು ನೋಡಿ, ಇಪ್ಪತ್ತು ಮೂವತ್ತು ವರ್ಷಗಳ ಆಚೆಗಿನ ಅದೇ ಮನುಷ್ಯನ ಕುರಿತು ಇಂದೇ ನಿರ್ಣಯ ಬರೆದಿಡುವುದು ಹೇಗೆ? ಆ ದೂರದ ಮನುಷ್ಯ ಇನ್ನೂ ಹುಟ್ಟಿಲ್ಲ. ಅವನು ಪಶ್ಚಾತ್ತಾಪಪಡಬಹುದು, ಪಡದೆಯೂ ಇರಬಹುದು. ನೋಡುವ ಕಣ್ಣನ್ನೇ ಮುಂಚಿತವಾಗಿ ಮುಚ್ಚಿಬಿಟ್ಟರೆ ಎರಡರ ನಡುವೆ ಭೇದವೇ ಇಲ್ಲವಾಗುತ್ತದೆ.

ಈ ಸಂದೇಹ ಕೇವಲ ಭಾವುಕರದ್ದಲ್ಲ. ರಾಜೀವ್ ಗಾಂಧಿ ಹತ್ಯೆಯ ಅಪರಾಧಿಗಳಿಗೆ ಸಂಬಂಧಿಸಿದ ಶ್ರೀಹರನ್ ಮೊಕದ್ದಮೆಯಲ್ಲಿ 2015ರ ಡಿಸೆಂಬರ್‌ನಲ್ಲಿ ಐವರ ಸಂವಿಧಾನ ಪೀಠವು ಈ ಮೂರನೆಯ ಬಗೆಯ ಶಿಕ್ಷೆಯನ್ನು ಒಪ್ಪಿದ್ದು ಮೂರು–ಎರಡರ ಬಹುಮತದಿಂದ. ಒಪ್ಪದ ಇಬ್ಬರಲ್ಲಿ ನ್ಯಾಯಮೂರ್ತಿ ಯು. ಯು. ಲಲಿತ್ ಒಬ್ಬರು. ವಿಚಿತ್ರವೆಂದರೆ, ಅವರೇ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ, 2022ರ ನವೆಂಬರ್‌ನಲ್ಲಿ, ಬೆಂಗಳೂರಿನ ಉಮೇಶ್ ರೆಡ್ಡಿಯ ಮರಣದಂಡನೆಯನ್ನು ಮೂವತ್ತು ವರ್ಷ ಮಾಫಿಯಿಲ್ಲದ ಜೀವಾವಧಿಯಾಗಿ ಪರಿವರ್ತಿಸಿದ ಪೀಠದಲ್ಲಿದ್ದರು. ಬಹುಮತಕ್ಕೆ ತಲೆಬಾಗುವುದು ನ್ಯಾಯಾಧೀಶನ ಧರ್ಮವಲ್ಲವೇ. ಆ ಪರಿವರ್ತನೆಗೆ ಮುಖ್ಯ ಕಾರಣ ಬೆಳಗಾವಿಯ ಹಿಂಡಲಗಾ ಸೆರೆಮನೆಯಲ್ಲಿ ಅವನನ್ನು ಸುಮಾರು ಹತ್ತು ವರ್ಷ ಕಾನೂನಿಗೆ ವಿರುದ್ಧವಾಗಿ ಏಕಾಂತದಲ್ಲಿಟ್ಟಿದ್ದು. ಅವನ ಕೃತ್ಯಗಳು ಎಂಥವೆಂದು ಕನ್ನಡ ಪತ್ರಿಕೆ ಓದುವವರಿಗೆ ತಿಳಿಸಬೇಕಾಗಿಲ್ಲ. ಆದರೆ ಅಂಥವನಿಗೂ ಕಾನೂನು ಹೇಳದ ಶಿಕ್ಷೆ ಕೊಡುವ ಹಕ್ಕು ಯಾರಿಗೂ ಇಲ್ಲವೆಂದು ನ್ಯಾಯಾಲಯ ಹೇಳಿತು. ಮೂವತ್ತು ವರ್ಷದ ಆಚೆಗಾದರೂ ಅವನ ಕಡತ ತೆರೆಯಬಹುದು. ಶ್ರದ್ಧಾನಂದನ ಕಡತಕ್ಕೆ ಅಂಥ ದಿನವಿಲ್ಲ. ಎಂಬತ್ತು ದಾಟಿದ್ದ ಅವನು ಬಿಡುಗಡೆ ಕೋರಿ ಸಲ್ಲಿಸಿದ ಅರ್ಜಿಯನ್ನು 2024ರಲ್ಲಿ ಸರ್ವೋಚ್ಚ ನ್ಯಾಯಾಲಯ ಮನ್ನಿಸಲಿಲ್ಲ.

ಈ ಪ್ರಕರಣವನ್ನು ಕುರಿತು 2023ರಲ್ಲಿ ‘ಡ್ಯಾನ್ಸಿಂಗ್ ಆನ್ ದ ಗ್ರೇವ್’ ಎಂಬ ಸಾಕ್ಷ್ಯಚಿತ್ರ ಸರಣಿಯೊಂದು ಪ್ರೈಮ್ ವಿಡಿಯೊದಲ್ಲಿ ಬಂತು. ನಮ್ಮ ಮನೆಗಳ ಮಕ್ಕಳು ಅದನ್ನು ಕೈಫೋನಿನಲ್ಲಿಯೇ ನೋಡಿರಬಹುದು. ಸೆರೆಮನೆಯಲ್ಲಿರುವ ಅಪರಾಧಿಯೇ ಅದರಲ್ಲಿ ಮಾತನಾಡಿ ತಾನು ನಿರಪರಾಧಿ ಎನ್ನುತ್ತಾನೆ. ತಯಾರಕರ ಶ್ರಮ ದೊಡ್ಡದು, ಆದರೆ ಅದು ನೋಡುಗನನ್ನು ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸಿ, ಇವನು ಮಾಡಿದನೇ ಇಲ್ಲವೇ ಎಂಬ ಹಳೆಯ ಪ್ರಶ್ನೆಯ ಸುತ್ತಲೇ ಸುತ್ತಿಸುತ್ತದೆ. ಕಳೆದುಹೋದ ವರ್ಷಗಳನ್ನು ಏನು ಮಾಡಬೇಕು ಎಂಬ ಪ್ರಶ್ನೆ ಅದಕ್ಕೆ ಮುಖ್ಯವೆನಿಸಿಲ್ಲ. ಹಿರಿಯರಿಗೆ ನೆನಪಿರಬಹುದಾದ ವಿ. ಶಾಂತಾರಾಮರ 1957ರ ‘ದೋ ಆಂಖೇ ಬಾರಹ್ ಹಾಥ್’ ಇದಕ್ಕೆ ನೇರ ವಿರುದ್ಧ. ಆರು ಮಂದಿ ಕೊಲೆಗಾರರನ್ನು ಜೈಲಧಿಕಾರಿಯೊಬ್ಬ ಬರಡು ನೆಲಕ್ಕೆ ಕರೆದೊಯ್ದು ಬೇಸಾಯ ಮಾಡಿಸುತ್ತಾನೆ. ಈ ಕಥೆಗೆ ಪ್ರೇರಣೆ ನಮ್ಮ ಗಡಿಯಾಚೆಯ ಔಂಧ್ ಸಂಸ್ಥಾನದ ಆಟಪಾಡಿ ಬಳಿ ನಡೆದಿದ್ದ ತೆರೆದ ಸೆರೆಮನೆಯ ಪ್ರಯೋಗ. ನಮ್ಮ ರಾಜ್ಯದಲ್ಲಿಯೂ ದೇವನಹಳ್ಳಿ ತಾಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆಯೊಂದಿದೆ. ಉದಾತ್ತ ಚಿತ್ರ, ಕಣ್ಣೀರು ಬರಿಸುವ ಚಿತ್ರ. ಆದರೆ ನೋಡಿ ಹೊರಬಂದಾಗ ಮನಸ್ಸಿನಲ್ಲಿ ಉಳಿಯುವವರು ಆ ಆರು ಮಂದಿ. ಅವರಿಂದ ಹತರಾದವರ ಮನೆಗಳಲ್ಲ. ಒಂದು ಕೃತಿ ಕಾಲವನ್ನು ಮರೆತಿದೆ, ಇನ್ನೊಂದು ಸತ್ತವರನ್ನು ಮರೆತಿದೆ. ನಮ್ಮ ಸಾರ್ವಜನಿಕ ಚರ್ಚೆಯೂ ಇದೇ ಎರಡು ಮರೆವುಗಳ ನಡುವೆ ಓಲಾಡುತ್ತಿದೆ.

ಹಬ್ಬದ ದಿನ ಕೈದಿಯನ್ನು ಬಿಡುವ ಪದ್ಧತಿ ನಮ್ಮ ಶುಭಸಂದೇಶಗಳಲ್ಲಿಯೇ ಇದೆ. ಪಾಸ್ಖ ಹಬ್ಬಕ್ಕೆ ಜನರು ಬಯಸಿದ ಒಬ್ಬನನ್ನು ಬಿಡುವ ವಾಡಿಕೆಯಂತೆ ಪಿಲಾತನು ಬರಬ್ಬನನ್ನು ಬಿಟ್ಟ. ದಂಗೆಯಲ್ಲಿ ಕೊಲೆ ನಡೆದು ಅದಕ್ಕಾಗಿ ಸೆರೆಯಲ್ಲಿದ್ದವನು ಅವನು. ಬರಬ್ಬನ ಸ್ಥಾನದಲ್ಲಿ ಪ್ರಭು ಸತ್ತರು, ಆದುದರಿಂದ ನಾವೆಲ್ಲರೂ ಬರಬ್ಬರೇ ಎಂಬ ಪ್ರಬೋಧನೆಯನ್ನು ತಪಸ್ಸು ಕಾಲದಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಅದು ಸತ್ಯವೇ. ಆದರೆ ಆ ದಂಗೆಯಲ್ಲಿ ಸತ್ತವನಿಗೂ ಒಂದು ಮನೆಯಿತ್ತು, ಜೆರುಸಲೇಮಿನ ಯಾವುದೋ ಓಣಿಯಲ್ಲಿ ಅವನ ಹೆಂಡತಿಯೋ ತಾಯಿಯೋ ಆ ಕೂಗಾಟವನ್ನು ಕೇಳಿಸಿಕೊಂಡಿರಬಹುದು ಎಂಬ ಮಾತನ್ನು ಯಾರೂ ಎತ್ತುವುದಿಲ್ಲ. ಪಿಲಾತನು ಅವರನ್ನು ಕೇಳಲಿಲ್ಲ. ಬರಬ್ಬನನ್ನೂ ಏನೊಂದನ್ನೂ ಕೇಳಲಿಲ್ಲ, ನೀನು ಬದಲಾಗಿದ್ದೀಯಾ ಎಂಬ ಪ್ರಶ್ನೆಯೇ ಇಲ್ಲ. ಅಲ್ಲಿ ನಡೆದದ್ದು ಕರುಣೆಯಲ್ಲ, ಗುಂಪಿನ ಮನವೊಲಿಸುವ ವ್ಯವಹಾರ.

2022ರ ಆಗಸ್ಟ್ 15ರಂದು ಗೋಧ್ರಾದಲ್ಲಿ ನಡೆದದ್ದು ಇದರ ಪುನರಾವೃತ್ತಿ. 2002ರ ಗುಜರಾತ್ ಹಿಂಸಾಚಾರದಲ್ಲಿ ಬಿಲ್ಕಿಸ್ ಬಾನೊ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಸಿ, ಮೂರು ವರ್ಷದ ಮಗಳೂ ಸೇರಿದಂತೆ ಕುಟುಂಬದ ಹಲವರನ್ನು ಕೊಂದ ಹನ್ನೊಂದು ಮಂದಿ ಅಂದು ಹೊರಬಂದರು. ಸೆರೆಮನೆಯ ಹೊರಗೆ ಹಾರ ಕಾದಿತ್ತು, ಸಿಹಿ ಕಾದಿತ್ತು. ಶಿಕ್ಷೆ ವಿಧಿಸಿದ್ದ ಮುಂಬಯಿಯ ನ್ಯಾಯಾಲಯದ ಅಭಿಪ್ರಾಯ ಬಿಡುಗಡೆಗೆ ವಿರುದ್ಧವಾಗಿತ್ತು. ಸಂತ್ರಸ್ತೆಗೆ ಸುದ್ದಿಯೇ ಇರಲಿಲ್ಲ. 2024ರ ಜನವರಿ 8ರಂದು ನಮ್ಮ ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಆ ಬಿಡುಗಡೆಯನ್ನು ರದ್ದುಪಡಿಸಿದರು. ಬಿಡುವ ಅಧಿಕಾರ ಇದ್ದದ್ದು ವಿಚಾರಣೆ ನಡೆದ ಮಹಾರಾಷ್ಟ್ರಕ್ಕೆ, ಗುಜರಾತಿಗಲ್ಲ ಎಂಬುದು ಮುಖ್ಯ ಕಾರಣ. ಹನ್ನೊಂದು ಮಂದಿಯೂ ಆ ತಿಂಗಳೇ ಸೆರೆಗೆ ಮರಳಿದರು.

ಇಂಥದನ್ನು ಕಂಡ ಸಜ್ಜನರು, ಹಾಗಾದರೆ ಕೊಲೆಗಾರರಿಗೆ ಬಿಡುಗಡೆಯೇ ಬೇಡ, ಸಾಯುವವರೆಗೆ ಒಳಗಿರಲಿ ಎನ್ನುತ್ತಾರೆ. ನಮ್ಮ ಧರ್ಮಕೇಂದ್ರಗಳಲ್ಲಿಯೂ ಪೂಜೆಯ ನಂತರದ ಮಾತುಕತೆಯಲ್ಲಿ ಈ ಅಭಿಪ್ರಾಯ ಗಟ್ಟಿಯಾಗಿಯೇ ಕೇಳಿಬರುತ್ತದೆ. ಧರ್ಮಸಭೆಯ ಬೋಧನೆ ಬೇರೆ ದಿಕ್ಕಿನಲ್ಲಿದೆ. ಪೋಪ್ ಫ್ರಾನ್ಸಿಸರು 2014ರಲ್ಲಿ ಜೀವಾವಧಿ ಶಿಕ್ಷೆಯನ್ನು ಮರೆಮಾಚಿದ ಮರಣದಂಡನೆ ಎಂದು ಕರೆದರು, 2020ರ ‘ಫ್ರತೆಲ್ಲಿ ತುತ್ತಿ’ ವಿಶ್ವಪತ್ರದಲ್ಲಿ ಅದನ್ನೇ ಮತ್ತೆ ಬರೆದರು. ವ್ಯಾಟಿಕನ್ನಿನ ಕಾನೂನಿನಿಂದ ಆ ಶಿಕ್ಷೆಯನ್ನು 2013ರಲ್ಲಿಯೇ ತೆಗೆದುಹಾಕಿದ್ದರು. ಕಥೋಲಿಕ ಧರ್ಮೋಪದೇಶ ಗ್ರಂಥದ 2267ನೆಯ ಪರಿಚ್ಛೇದವನ್ನು 2018ರಲ್ಲಿ ತಿದ್ದಿದಾಗ, ತಪ್ಪಿತಸ್ಥನಿಗೆ ಉದ್ಧಾರದ ಸಾಧ್ಯತೆಯನ್ನು ಸಂಪೂರ್ಣವಾಗಿ ಮುಚ್ಚಬಾರದೆಂಬ ಮಾತು ಅದರಲ್ಲಿ ಸೇರಿತು. 2024ರ ಡಿಸೆಂಬರ್ 26ರಂದು, ಜ್ಯೂಬಿಲಿ ವರ್ಷದ ಪವಿತ್ರ ದ್ವಾರವೊಂದನ್ನು ಅವರು ರೋಮಿನ ರೆಬಿಬ್ಬಿಯಾ ಸೆರೆಮನೆಯಲ್ಲಿಯೇ ತೆರೆದರು. ಇದನ್ನು ಸಡಿಲತೆ ಎಂದು ಓದುವವರು ಹಳೆಯ ಒಡಂಬಡಿಕೆಯ ಸಂಖ್ಯಾಕಾಂಡದ 35ನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಲಿ. ಕೈತಪ್ಪಿ ಕೊಂದವನಿಗೆ ಆಶ್ರಯ ನಗರವಿತ್ತು, ಆದರೆ ಅವನು ಅಲ್ಲಿಯೇ ಇರಬೇಕಾಗಿತ್ತು. ಪ್ರಧಾನ ಯಾಜಕನು ತೀರಿಕೊಂಡ ದಿನ ಅವನ ವಾಸ ಮುಗಿಯುತ್ತಿತ್ತು. ಅದಕ್ಕೆ ಮುಂಚೆ ಹಣ ತೆತ್ತು ಮನೆಗೆ ಮರಳುವಂತಿರಲಿಲ್ಲ. ಬೇಕೆಂದು ಕೊಂದವನ ಗತಿ ಬೇರೆಯಾಗಿತ್ತು ಎಂಬುದು ನಿಜ. ಆದರೂ ಆ ಪ್ರಾಚೀನ ವಿಧಿಯಲ್ಲಿ ನಮ್ಮ ಕಾಲಕ್ಕೆ ಬೇಕಾದ ಎರಡು ಸಂಗತಿಗಳು ಒಟ್ಟಿಗಿವೆ: ಸೆರೆಗೆ ಒಂದು ಕೊನೆಯಿದೆ, ಆ ಕೊನೆಯನ್ನು ಕೊಂಡುಕೊಳ್ಳಲಾಗದು.

ಇನ್ನು ಕ್ಷಮೆ. ನಾವು ಕ್ರೈಸ್ತರು ಈ ಚರ್ಚೆಗೆ ಬಂದಾಗಲೆಲ್ಲ ಕ್ಷಮೆ ಎಂಬ ಪದವನ್ನು ಹಿಡಿದೇ ಬರುತ್ತೇವೆ, ಮತ್ತು ಬಹುಶಃ ಇಲ್ಲಿಯೇ ನಮ್ಮ ಮಾತು ಮಸುಕಾಗುತ್ತದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಮಕ್ಕಳಾದ ಫಿಲಿಪ್, ತಿಮೊಥಿ ವಾಹನದಲ್ಲಿಯೇ ಸುಟ್ಟುಹೋದರು. ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದರು. ಅದು ದೇಶಕ್ಕೆಲ್ಲ ತಿಳಿದಿದೆ. ಅಷ್ಟಾಗಿ ತಿಳಿಯದ ಸಂಗತಿ, ತನ್ನ ಕ್ಷಮೆಯನ್ನು ಕಾನೂನಿನ ಶಿಕ್ಷೆಯೊಂದಿಗೆ ಬೆರೆಸಬಾರದೆಂದು ಆ ತಾಯಿ ಸ್ಪಷ್ಟವಾಗಿ ಹೇಳಿದ್ದು. ಕ್ಷಮೆ ಆಕೆಯದು, ಶಿಕ್ಷೆ ರಾಜ್ಯದ್ದು. ಪ್ರಧಾನ ಅಪರಾಧಿ ದಾರಾ ಸಿಂಗನ ಮರಣದಂಡನೆಯನ್ನು ಒಡಿಶಾ ಉಚ್ಚ ನ್ಯಾಯಾಲಯ 2005ರಲ್ಲಿ ಜೀವಾವಧಿಗೆ ಇಳಿಸಿತು, 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಸ್ಥಿರಪಡಿಸಿತು. ಇನ್ನೊಬ್ಬ ಅಪರಾಧಿ ಮಹೇಂದ್ರ ಹೆಂಬ್ರಂ ಸನ್ನಡತೆಯ ಆಧಾರದ ಮೇಲೆ 2025ರ ಏಪ್ರಿಲ್‌ನಲ್ಲಿ ಬಿಡುಗಡೆ ಹೊಂದಿದ. ಆ ಸುದ್ದಿ ಬಂದಾಗ ನಮ್ಮವರಲ್ಲಿ ಹಲವರು ನೊಂದುಕೊಂಡರು. ನೋವು ಸಹಜ. ಆದರೆ ಇಪ್ಪತ್ತೈದು ವರ್ಷ ಕಳೆದ ಕೈದಿಯ ಬಿಡುಗಡೆಯನ್ನು ನಾವು ಇತರರ ಪ್ರಕರಣದಲ್ಲಿ ಒಪ್ಪಿ, ನಮ್ಮವರ ಪ್ರಕರಣದಲ್ಲಿ ಒಪ್ಪದಿದ್ದರೆ ನಮ್ಮ ನಿಲುವಿಗೆ ಏನು ಬೆಲೆ?

ಮತ್ತೊಂದು ನಿದರ್ಶನ ಧರ್ಮಭಗಿನಿ ರಾಣಿ ಮರಿಯಾ ಅವರದು. ಮಧ್ಯಪ್ರದೇಶದ ಉದಯನಗರ ಭಾಗದಲ್ಲಿ ಬಡ ರೈತರನ್ನು ಸಾಲದ ಹಿಡಿತದಿಂದ ಬಿಡಿಸಲು ದುಡಿಯುತ್ತಿದ್ದ ಅವರನ್ನು 1995ರ ಫೆಬ್ರವರಿ 25ರಂದು ಬಸ್ಸಿನಿಂದೆಳೆದು ಸಮುಂದರ್ ಸಿಂಗ್ ಎಂಬಾತ ಇರಿದು ಕೊಂದ. ಜೀವಾವಧಿ ಶಿಕ್ಷೆಯಾಯಿತು. ಗುರುವೊಬ್ಬರು ಸೆರೆಮನೆಗೆ ಹೋಗಿ ಅವನನ್ನು ಮತ್ತೆ ಮತ್ತೆ ಕಂಡರು. 2002ರ ರಕ್ಷಾಬಂಧನದಂದು ರಾಣಿ ಮರಿಯಾರ ಒಡಹುಟ್ಟಿದ ತಂಗಿ, ತಾವೂ ಧರ್ಮಭಗಿನಿಯಾದ ಸೆಲ್ಮಿ ಪಾಲ್, ಅವನ ಕೈಗೆ ರಾಖಿ ಕಟ್ಟಿದರು. ಕುಟುಂಬದವರೇ ಅವನ ಬಿಡುಗಡೆಗೆ ಮನವಿ ಮಾಡಿದರು, 2006ರಲ್ಲಿ ಅವನು ಹೊರಬಂದ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಧನ್ಯರೆಂದು ಘೋಷಿಸಿದಾಗ ಕೊಂದವನೂ ಆ ಸಭೆಯಲ್ಲಿದ್ದ.

ಬರಬ್ಬನ ಬಿಡುಗಡೆಗೂ ಈ ಬಿಡುಗಡೆಗೂ ಇರುವ ಅಂತರ ವರ್ಷಗಳ ಲೆಕ್ಕದಲ್ಲಿಲ್ಲ. ಸಮುಂದರ್ ಸಿಂಗ್ ಒಳಗಿದ್ದದ್ದು ಹನ್ನೊಂದು ವರ್ಷದಷ್ಟು, ಗೋಧ್ರಾದವರು ಹದಿನಾಲ್ಕನ್ನೂ ದಾಟಿದ್ದರು. ಇಲ್ಲಿ ಕೊಂದವನು ತಾನು ಕೊಂದೆನೆಂದು ಒಪ್ಪಿ ಅತ್ತ. ಕಳೆದುಕೊಂಡವರ ಬಾಗಿಲನ್ನು ಮೊದಲು ತಟ್ಟಲಾಯಿತು. ಬಿಡುಗಡೆಯ ಕಾಗದ ಅದರ ಹಿಂದೆ ಬಂತು.

ಆದರೆ ಸೆಲ್ಮಿ ಪಾಲರ ಕಥೆಯನ್ನು ಹೇಳುವಾಗ ನಮ್ಮ ಗುರುಗಳೂ ಬೋಧಕರೂ ಒಂದು ಎಚ್ಚರಿಕೆ ವಹಿಸಬೇಕು. ಗಂಡನನ್ನು ಕಳೆದುಕೊಂಡ ಹೆಂಗಸಿನ ಮುಂದೆ ಈ ಕಥೆಯನ್ನಿಟ್ಟು, ನೀನೇಕೆ ಕ್ಷಮಿಸಿಲ್ಲ ಎಂದು ಕೇಳುವುದು ಕ್ರೌರ್ಯ. ಕ್ಷಮೆಯನ್ನು ವಸೂಲು ಮಾಡಲಾಗದು. ಸೆಲ್ಮಿಯವರೇ ಏಳು ವರ್ಷ ತೆಗೆದುಕೊಂಡರು, ಅವರ ಕೊರಳಲ್ಲಿ ವ್ರತದ ಶಿಲುಬೆಯಿತ್ತು. ಬಿಲ್ಕಿಸ್ ಬಾನೊ ಕ್ಷಮಿಸಲಿಲ್ಲ, ನ್ಯಾಯಾಲಯಕ್ಕೆ ಹೋದರು. ಅದರಿಂದ ಅವರ ಘನತೆಗೆ ಒಂದು ಎಳೆಯೂ ಕುಂದಿಲ್ಲ. ಕ್ಷಮಿಸದವಳ ಮಾತನ್ನೂ ಕೇಳಿ, ಆಮೇಲೆ ಕಾನೂನಿನ ಪ್ರಕಾರ ಕೈದಿಯನ್ನು ಬಿಡುವ ಸಂದರ್ಭವೂ ಬರಬಹುದು. ಕೇಳುವುದು ಎಂದರೆ ತಡೆಯುವ ಹಕ್ಕು ಕೊಡುವುದಲ್ಲ. ಅವಳೂ ಅಲ್ಲಿದ್ದಾಳೆಂದು ಒಪ್ಪಿಕೊಳ್ಳುವುದು.

ನಮ್ಮ ಕಾನೂನು ಇನ್ನೂ ಅಷ್ಟು ದೂರ ಬಂದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಮಾಫಿಯ ವಿಧಿ 473ನೆಯ ಸಂಖ್ಯೆ ಪಡೆದಿದೆ, ಹದಿನಾಲ್ಕು ವರ್ಷದ ಮಿತಿ 475ಕ್ಕೆ ಹೋಗಿದೆ. ಸಂಖ್ಯೆ ಬದಲಾಯಿತು, ತಿರುಳು ಹಾಗೆಯೇ ಉಳಿಯಿತು. ಶಿಕ್ಷೆ ವಿಧಿಸಿದ ನ್ಯಾಯಾಲಯದ ಅಭಿಪ್ರಾಯ ಕೇಳುವ ಮಾತು ಅಲ್ಲಿದೆ. ಹತನಾದವನ ಮನೆಯವರನ್ನು ಕೇಳುವ ಮಾತಿಲ್ಲ. 2025ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಅರ್ಹ ಕೈದಿಗಳ ಪ್ರಕರಣಗಳನ್ನು ಅವರು ಅರ್ಜಿ ಹಾಕದಿದ್ದರೂ ರಾಜ್ಯಗಳೇ ಪರಿಶೀಲಿಸಬೇಕು, ತೀರ್ಮಾನಕ್ಕೆ ಕಾರಣ ಬರೆಯಬೇಕು ಎಂದು ಆದೇಶಿಸಿತು. ಬಡವನಿಗೆ ಇದು ದೊಡ್ಡ ಆಸರೆ. ಶಿಫಾರಸು ಇದ್ದವನ ಕಡತ ಮಾತ್ರ ಬೆಂಗಳೂರಿನಲ್ಲಿ ಮೇಲೆ ಬರುತ್ತದೆಂಬ ನಮ್ಮ ಭಾಗದ ಹಳೆಯ ದೂರಿಗೆ ಇದರಲ್ಲಿ ಸ್ವಲ್ಪವಾದರೂ ಪರಿಹಾರವಿದೆ. ಕಾರಣ ಬರೆಯುವುದು ಹದಿನೇಳು ವರ್ಷ ಮೊದಲೇ ಕಡ್ಡಾಯವಾಗಿದ್ದಿದ್ದರೆ 2008ರ ತೀರ್ಪಿಗೆ ಅಗತ್ಯವೇ ಬೀಳುತ್ತಿರಲಿಲ್ಲವೇನೋ.

ನಮ್ಮ ಭಾಗಕ್ಕೆ ಈ ವಿಷಯ ದೂರದ್ದಲ್ಲ. ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ ಕೊಡಲಿಯವರೆಗೆ ಹೋಗುವುದನ್ನು ನಾವು ಕಂಡಿದ್ದೇವೆ. ‘ಭೀಮಾ ತೀರದ ಹಂತಕರು’ ಎಂಬ ಹೆಸರನ್ನು ಪತ್ರಿಕೆಯವರೂ ಸಿನಿಮಾದವರೂ ಎಷ್ಟು ಉಜ್ಜಿದರೆಂದರೆ, ಅಫಜಲಪುರ, ಜೇವರ್ಗಿಯ ಹುಡುಗರು ಬೇರೆ ಊರಿಗೆ ಕೆಲಸಕ್ಕೆ ಹೋದಲ್ಲಿ ಅದನ್ನು ಹೊತ್ತು ತಿರುಗಬೇಕಾಯಿತು. ಇಡೀ ನದೀತೀರಕ್ಕೇ ಮಾಫಿಯಿಲ್ಲದ ಜೀವಾವಧಿ! ಆಗಸ್ಟ್ ತಿಂಗಳ ಎರಡನೆಯ ಭಾನುವಾರವನ್ನು ನಮ್ಮ ಧರ್ಮಸಭೆ ಸೆರೆಮನೆ ಸೇವೆಯ ಭಾನುವಾರವಾಗಿ ಆಚರಿಸುತ್ತದೆ. ಬಿಡುಗಡೆಯ ಪಟ್ಟಿಗಳು ಸುದ್ದಿಯಾಗುವ ಸ್ವಾತಂತ್ರ್ಯ ದಿನ ಅದರ ಬೆನ್ನಿಗೇ ಬರುತ್ತದೆ. ಆ ಭಾನುವಾರದ ಕಾಣಿಕೆಯನ್ನು ಕೈದಿಗಳಿಗಾಗಿ ಎತ್ತುತ್ತೇವೆ, ಒಳ್ಳೆಯದು. ಹತರಾದವರ ಮನೆಗಳಿಗಾಗಿ ಒಂದು ಪ್ರಾರ್ಥನೆಯನ್ನೂ ಅದರೊಂದಿಗೆ ಸೇರಿಸಿದ ಬಲಿಪೂಜೆಗಳು ಅಪರೂಪ.

ಬಿಡುಗಡೆಗೆ ಮುನ್ನ ಪೊಲೀಸರು ಊರಿಗೆ ಬಂದು ವಿಚಾರಿಸುತ್ತಾರೆ. ಇವನು ಮರಳಿ ಬಂದರೆ ಶಾಂತಿ ಕದಡುವುದೇ ಎಂದು ಕೇಳಿ, ನಾಲ್ಕು ಜನರ ಮಾತು ಬರೆದುಕೊಂಡು ವರದಿ ಕಳುಹಿಸುತ್ತಾರೆ. ಕೆಲವು ತಿಂಗಳ ನಂತರ ಕಲಬುರಗಿಯ ಕೇಂದ್ರ ಕಾರಾಗೃಹದಿಂದ ಒಬ್ಬ ಮನುಷ್ಯ ಕೈಚೀಲ ಹಿಡಿದು ಹೊರಬಂದು ಆಳಂದದ ಬಸ್ ಹತ್ತುತ್ತಾನೆ. ತಲೆ ನರೆತಿರುತ್ತದೆ, ಮಕ್ಕಳಿಗೆ ಮದುವೆಯಾಗಿರುತ್ತದೆ. ಅವನು ಇಳಿಯುವ ಊರಿನಲ್ಲಿ, ಅವನ ಮನೆಯಿಂದ ಎರಡು ಓಣಿ ಆಚೆ ಇನ್ನೊಂದು ಮನೆಯಿದೆ. ಆ ಮನೆಗೆ ಮುಂಚಿತವಾಗಿ ಒಂದು ಕಾಗದ ಬರೆಯಬೇಕೆಂದು ಸಂಹಿತೆಯ ಆ ಎರಡು ವಿಧಿಗಳಲ್ಲಿ ಎಲ್ಲಿಯೂ ಹೇಳಿಲ್ಲ.